ಹಳದಿ ಪೋರ್ಷೆ ಮೇಲೊಂದು ಗೀರು: ದುಬಾರಿ ಕಾರು ಕಂಡರೆ ನಮಗೆ ಯಾಕಿಷ್ಟು ಸಿಟ್ಟು?

ಪಾಲಿಶ್ ಹುಡುಗ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕಾರು ಡೀಟೇಲಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಏಳು ವರ್ಷವಾಯಿತು. ಫೋಮ್ ವಾಶ್, ಪಾಲಿಶ್, ಸೆರಾಮಿಕ್ ಕೋಟಿಂಗ್, ಬಣ್ಣ ಕಾಯುವ ಪಾರದರ್ಶಕ ಹಾಳೆ (ಪಿಪಿಎಫ್) ಅಂಟಿಸುವುದು, ಎಲ್ಲಾ ಮಾಡುತ್ತೇನೆ. ಕೆಲಸ ಮುಗಿದ ಮೇಲೆ ಗಾಡಿಯನ್ನು ಓನರ್ ಮನೆಗೆ ಬಿಟ್ಟು ಬರುವುದೂ ನಾನೇ. ಹಾಗಾಗಿ ವಾರಕ್ಕೆ ಎರಡು ಮೂರು ಸಲ ಕೋಟಿ ಬೆಲೆಯ ಕಾರಿನ ಸ್ಟಿಯರಿಂಗ್ ನನ್ನ ಕೈಯಲ್ಲಿರುತ್ತದೆ. ನನ್ನ ಸ್ವಂತ ಗಾಡಿ ಸ್ಪ್ಲೆಂಡರ್.

ಹೋದ ತಿಂಗಳು ಒಂದು ಹಳದಿ ಪೋರ್ಷೆ 911 ತಲುಪಿಸಲು ಹೊರಟಿದ್ದೆ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೆಬ್ಬಾಳ ದಾಟಿ ಒಂದು ಬೇಕರಿ ಮುಂದೆ ನಿಲ್ಲಿಸಿ ಒಂದು ಟೀ, ಒಂದು ಬನ್ ತಗೊಂಡೆ. ಹತ್ತು ನಿಮಿಷವೂ ಆಗಿರಲಿಲ್ಲ. ವಾಪಸ್ ಬಂದು ನೋಡಿದರೆ ಡ್ರೈವರ್ ಬಾಗಿಲಿನ ಹಿಡಿಯಿಂದ ಹಿಂದಿನ ಚಕ್ರದ ತನಕ ಒಂದೇ ಗೆರೆ. ಕೀಯಿಂದ ಎಳೆದಿದ್ದಾರೆ. ಆತುರದಲ್ಲಿ ಎಳೆದ ಗೆರೆಯಲ್ಲ ಅದು. ನಿಧಾನವಾಗಿ, ಒತ್ತಿ ಎಳೆದದ್ದು.

ಗೀರು ಬಿದ್ದರೆ ನಾವು ಮೊದಲು ಉಗುರಿನಿಂದ ನೋಡುತ್ತೇವೆ. ಉಗುರು ಜಾರಿ ಹೋದರೆ ಗೀರು ಮೇಲಿನ ಕ್ಲಿಯರ್ ಕೋಟ್‌ನಲ್ಲೇ ಇದೆ, ಪಾಲಿಶ್ ಮಾಡಿದರೆ ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಕೆಳಗಿನ ಬಣ್ಣಕ್ಕೂ ಏಟು ಬಿದ್ದಿದೆ ಅಂತ. ನನ್ನ ಉಗುರು ಸಿಕ್ಕಿಕೊಂಡಿತು. ಅಲ್ಲೇ ರಸ್ತೆ ಬದಿಯಲ್ಲಿ ಕೂತುಬಿಟ್ಟೆ. ಹಳದಿ ಬಣ್ಣ ಬೇರೆ. ಒಂದು ಕೋಟ್ ಹೊಡೆದರೆ ಮುಚ್ಚುವುದಿಲ್ಲ, ಮೂರು ನಾಲ್ಕು ಸಲ ಹೊಡೆಯಬೇಕು. ಆ ಬಾಗಿಲಿನ ಬಣ್ಣ ಪಕ್ಕದ ಭಾಗಕ್ಕೆ ಹೊಂದಬೇಕು, ಅದಕ್ಕೇ ಮತ್ತೊಂದು ದಿನ. ಅಂಗಡಿಯವರು ನನ್ನ ಅರ್ಧ ತಿಂಗಳ ಸಂಬಳ ಹಿಡಿದರು.

ಗೀರಿದವರಿಗೆ ಅದು ಯಾರೋ ದುಡ್ಡಿನ ಮದದವರ ಕಾರು. ಒಳಗೆ ಬಂದು ಕೂತವನು ನಾನು.

ಇನ್ನೊಂದು ವಿಷಯ. ಸಿಗ್ನಲ್‌ನಲ್ಲಿ ನಿಂತಾಗ ಜನ ನೋಡುವ ನೋಟ ಎರಡು ಥರ. ಮಕ್ಕಳು ಕೈ ಬೀಸುತ್ತಾರೆ. ದೊಡ್ಡವರು ಕೆಲವರು ಹಲ್ಲು ಕಚ್ಚುತ್ತಾರೆ. ಒಮ್ಮೆ ಒಬ್ಬರು ಬೈಕಿನಿಂದಲೇ "ಅಪ್ಪನ ದುಡ್ಡಾ?" ಅಂದರು. ನಾನು ಕಿಟಕಿ ಇಳಿಸಿದೆ. ಶರ್ಟಿನ ಮೇಲೆ ಅಂಗಡಿ ಹೆಸರು ಕಾಣಿಸಿತು. "ಓ, ಡ್ರೈವರಾ, ಸಾರಿ ಗುರು" ಅಂದು ನಕ್ಕರು. ಅದೇ ಕಾರು, ಅದೇ ಮನುಷ್ಯ. ಅರ್ಧ ನಿಮಿಷದಲ್ಲಿ ಬೈಗುಳ ಸ್ನೇಹವಾಯಿತು. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಿಮಗೆ ಏನನಿಸುತ್ತದೆ?

ಯಲಹಂಕದಿಂದ ಒಬ್ಬ ತಾಯಿ

ತಮ್ಮಾ, ನಿನ್ನ ಸಂಬಳ ಹೋಯಿತು ಅಂತ ಓದಿ ಬೇಜಾರಾಯಿತು. ಗೀರಿದವರು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿಟ್ಟು ಯಾಕೆ ಅಂತ ಕೇಳಿದೆಯಲ್ಲ, ಹೇಳುತ್ತೇನೆ.

ನಮ್ಮ ಮನೆ ಬಳ್ಳಾರಿ ರಸ್ತೆಗೆ ಹತ್ತಿರ. ಭಾನುವಾರ ಬೆಳಿಗ್ಗೆ ಐದೂವರೆಗೆ ಶುರುವಾಗುತ್ತದೆ. ನಂದಿ ಬೆಟ್ಟದ ಕಡೆ ಹೋಗುವ ಗಾಡಿಗಳು. ಒಂದು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು. ಸೈಲೆನ್ಸರಿನಿಂದ ಪಟಾಕಿ ಸಿಡಿದ ಹಾಗೆ ಸದ್ದು. ನನ್ನ ಮಗುವಿಗೆ ಎಂಟು ತಿಂಗಳು. ರಾತ್ರಿ ಮೂರು ಸಲ ಎದ್ದು ನಾಲ್ಕು ಗಂಟೆಗೆ ಮಲಗಿರುತ್ತದೆ. ಐದೂವರೆಗೆ ಬೆಚ್ಚಿ ಎದ್ದು ಅಳುತ್ತದೆ. ಪಕ್ಕದ ಮನೆಯಲ್ಲಿ ನಮ್ಮ ಮಾವನ ವಯಸ್ಸಿನವರಿದ್ದಾರೆ, ಹಾರ್ಟ್ ಆಪರೇಷನ್ ಆಗಿದೆ. ಅವರ ಗತಿ ಏನು?

ಅವರ ದುಡ್ಡು ನನಗೆ ಬೇಡ. ಅವರ ಕಾರೂ ಬೇಡ. ನನ್ನ ಮಗುವಿನ ನಿದ್ದೆ ಸಾಕು.

ಲೆಕ್ಕದ ಪುಸ್ತಕ

ತೆರಿಗೆ ವಿಷಯ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ನನ್ನ ಕೆಲಸವೇ ಅದು.

ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ. 18. ಅದರ ಮೇಲೆ ಸೆಸ್. ಕೋಟಿ ರೂಪಾಯಿಯ ಗಾಡಿಗೆ ಹತ್ತಿರ ಹತ್ತಿರ 20 ಲಕ್ಷ ರಸ್ತೆ ತೆರಿಗೆಗೇ ಹೋಗುತ್ತದೆ. ದೇಶದಲ್ಲೇ ಹೆಚ್ಚು ತೆರಿಗೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಅದಕ್ಕೂ ಮುಂಚೆ, ಹೊರದೇಶದಿಂದ ಪೂರ್ತಿ ಕಾರಾಗಿ ಬಂದರೆ ಕಸ್ಟಮ್ಸ್ ಸುಂಕದಲ್ಲೇ ಬೆಲೆ ದುಪ್ಪಟ್ಟಾಗಿರುತ್ತದೆ. ಇಷ್ಟೆಲ್ಲಾ ನ್ಯಾಯವಾಗಿ ಕಟ್ಟಿದವರ ಮೇಲೆ ನನಗೆ ಗೌರವವಿದೆ. ಸರ್ಕಾರಕ್ಕೆ ನಮಗಿಂತ ಎಷ್ಟೋ ಪಟ್ಟು ಕೊಟ್ಟಿದ್ದಾರೆ.

ಆದರೆ ಎಲ್ಲರೂ ಹಾಗಿಲ್ಲ ಅಲ್ವಾ? ಪುದುಚೇರಿಯಲ್ಲಿ ತೆರಿಗೆ ಕಡಿಮೆ. ಅಲ್ಲೊಂದು ವಿಳಾಸ ತೋರಿಸಿ ನೋಂದಣಿ ಮಾಡಿಸಿ, ಇಲ್ಲಿ ವರ್ಷಗಟ್ಟಲೆ ಓಡಿಸುವವರಿದ್ದಾರೆ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ 30 ದುಬಾರಿ ಕಾರು ಹಿಡಿಯಿತು. ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್ ಎಲ್ಲಾ ಇದ್ದವು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ನೋಟಿಸ್ ಕೊಟ್ಟರು. ದಂಡ ಸೇರಿ ಸುಮಾರು 1.4 ಕೋಟಿ ಒಂದೇ ದಿನದಲ್ಲಿ ಕಟ್ಟಿಸಿಕೊಂಡರು. ಒಂದೇ ದಿನದಲ್ಲಿ ಕಟ್ಟುವ ಶಕ್ತಿ ಇತ್ತು. ಕೇಳುವ ತನಕ ಕಟ್ಟಲಿಲ್ಲ.

ನಮ್ಮ ಬೀದಿಯಲ್ಲಿ ಇಸ್ತ್ರಿ ಅಂಗಡಿಯವರು ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಆಲ್ಟೋ ತಗೊಂಡರು. ವಿಮೆ ಒಂದು ವಾರ ತಡವಾಗಿದ್ದಕ್ಕೆ ದಂಡ ಕಟ್ಟಿ ಬಂದರು. ಅವರ ಕಣ್ಣಿಗೆ ಆ ಪುದುಚೇರಿ ನಂಬರ್ ಪ್ಲೇಟ್ ಹೇಗೆ ಕಾಣಬೇಕು?

ಕ್ಯಾಮೆರಾ ಪುಟ್ಟ

ನನಗೆ 17 ವರ್ಷ. ನಾನು ಮತ್ತು ನನ್ನ ಫ್ರೆಂಡ್ಸ್ ಶನಿವಾರ ಸಂಜೆ ಯುಬಿ ಸಿಟಿ ಹತ್ತಿರ, ಲ್ಯಾವೆಲ್ ರಸ್ತೆಯಲ್ಲಿ ನಿಂತು ಕಾರುಗಳ ಫೋಟೋ ತೆಗೆಯುತ್ತೇವೆ. ಬಿಎಂಟಿಸಿಯಲ್ಲಿ ಬರುತ್ತೇವೆ, ಬಿಎಂಟಿಸಿಯಲ್ಲೇ ಹೋಗುತ್ತೇವೆ. ನಮಗೆ ಸಿಟ್ಟೇ ಬಂದಿಲ್ಲ. ಒಬ್ಬ ಅಂಕಲ್ ತಮ್ಮ ಲ್ಯಾಂಬೋರ್ಗಿನಿ ಹುರಾಕಾನ್‌ನಲ್ಲಿ ನನ್ನನ್ನು ಕೂರಿಸಿ ಬಾಗಿಲು ಹಾಕಿದರು. ಸೀಟು ನೆಲಕ್ಕೆ ತಾಗುವ ಹಾಗಿತ್ತು. ಚರ್ಮದ ವಾಸನೆ ಇನ್ನೂ ಮೂಗಲ್ಲಿದೆ. ಆವತ್ತೇ ಮೆಕ್ಯಾನಿಕಲ್ ಓದಬೇಕು ಅಂದುಕೊಂಡೆ. ದಯವಿಟ್ಟು ಯಾರೂ ಗೀರಬೇಡಿ.

ರಾಜಾಜಿನಗರ 3ನೇ ಬ್ಲಾಕ್

ಪುಟ್ಟ ಹೇಳಿದ್ದು ಸರಿ. ಸಿಟ್ಟು ಕಾರಿನ ಮೇಲಲ್ಲ, ಮನುಷ್ಯನ ಮೇಲೆ. ಅಪ್ಪು ಅವರು 2019ರಲ್ಲಿ ಹೆಂಡತಿಗೆ ಲ್ಯಾಂಬೋರ್ಗಿನಿ ಉರುಸ್ ಕೊಟ್ಟಾಗ ಒಬ್ಬರಾದರೂ ಹೊಟ್ಟೆಕಿಚ್ಚು ಪಟ್ಟಿದ್ದು ನೋಡಿದ್ದೀರಾ? ನಮ್ಮ ಮನೆಯವರೇ ತಗೊಂಡಷ್ಟು ಖುಷಿ ಪಟ್ಟೆವು. ಇನ್ನು ಕಟಿಂಗ್ ಶಾಪ್ ರಮೇಶ್ ಬಾಬು. ಅವರದು ಸ್ಪೋರ್ಟ್ಸ್ ಕಾರಲ್ಲ, ರೋಲ್ಸ್ ರಾಯ್ಸ್. ಆದರೂ ಹೇಳಬೇಕು. ತಂದೆ ಚಿಕ್ಕಂದಿನಲ್ಲೇ ತೀರಿಕೊಂಡರು. 1994ರಲ್ಲಿ ಒಂದು ಮಾರುತಿ ಓಮ್ನಿ ತಗೊಂಡು ಬಾಡಿಗೆಗೆ ಬಿಟ್ಟರು. 2011ರಲ್ಲಿ ರೋಲ್ಸ್ ರಾಯ್ಸ್ ಘೋಸ್ಟ್ ತಂದರು. ಆಮೇಲೂ ಕತ್ತರಿ ಬಿಡಲಿಲ್ಲ. ಅವರ ಕಾರು ಹೋಗುವಾಗ ಜನ "ನಮ್ಮ ರಮೇಶಣ್ಣ" ಅನ್ನುತ್ತಾರೆ. ಬೆವರಿನ ದುಡ್ಡು ಅಂತ ಗೊತ್ತಾದರೆ ನಮ್ಮ ಜನ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ.

ಪೀಣ್ಯದ ಲೇತ್

ರಾಜಾಜಿನಗರದವರೇ, ನಿಮ್ಮ ಮಾತು ಚೆನ್ನಾಗಿದೆ. ಆದರೆ ರಸ್ತೆಯಲ್ಲಿ ಯಾರ ಬೆವರು ಎಷ್ಟು ಅಂತ ಬಾನೆಟ್ ಮೇಲೆ ಬರೆದಿರುತ್ತದಾ? ರಮೇಶ್ ಬಾಬು ಅವರ ಕಥೆ ಪೇಪರಿನಲ್ಲಿ ಬಂತು, ಎಲ್ಲರಿಗೂ ಗೊತ್ತಾಯಿತು. ನನ್ನದು ಯಾವ ಪೇಪರಿನಲ್ಲೂ ಬಂದಿಲ್ಲ.

ನಾನು ಚಳ್ಳಕೆರೆಯವನು. ಐಟಿಐ ಟರ್ನರ್ ಓದಿ ಪೀಣ್ಯಕ್ಕೆ ಬಂದೆ. ಹನ್ನೊಂದು ವರ್ಷ ಬೇರೆಯವರ ಲೇತ್ ಮುಂದೆ ನಿಂತೆ. ಈಗ ನನ್ನದೇ ಸಣ್ಣ ವರ್ಕ್‌ಶಾಪ್ ಇದೆ, ಹದಿನಾಲ್ಕು ಜನರಿದ್ದಾರೆ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್ ತಗೊಂಡೆ. ಲೋಹ ಕೊರೆಯುವ ಕೆಲಸದವನಿಗೆ ಆ ಇಂಜಿನ್ ಅಂದರೆ ಏನು ಅಂತ ಹೇಳಿದರೆ ಅರ್ಥವಾಗುವುದು ಕಷ್ಟ. ನೂರರಲ್ಲಿ ಒಂದು ಭಾಗ ಮಿಲಿಮೀಟರಿಗೆ ಒದ್ದಾಡುವ ನಮಗೆ ಅದು ಬರೀ ಶೋಕಿ ಅಲ್ಲ.

ಆ ಕಾರಿನಲ್ಲಿ ಕೂತ ಮೇಲೆ ಏನಾಗುತ್ತದೆ ಹೇಳುತ್ತೇನೆ. ಬೈಕಿನವರು ಪಕ್ಕಕ್ಕೆ ಬಂದು ರೇಸ್ ಮಾಡು ಅಂತ ಕೈ ಮಾಡುತ್ತಾರೆ. ನಾನು ಅರವತ್ತರಲ್ಲಿ ಹೋಗುತ್ತಿದ್ದರೂ ಬಿಡುವುದಿಲ್ಲ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ವಿಡಿಯೋ ಮಾಡುತ್ತಾ ಬರುತ್ತಾರೆ. ನನಗೆ ಜೀವವೇ ಬಾಯಿಗೆ ಬರುತ್ತದೆ. ಅವರು ಬಿದ್ದರೆ ತಪ್ಪು ಯಾರದ್ದು ಅಂತ ಜನ ಕೇಳುವುದಿಲ್ಲ, ಕಾರು ನೋಡಿ ತೀರ್ಮಾನ ಮಾಡುತ್ತಾರೆ. ನಮ್ಮ ಏರಿಯಾದ ಹಂಪ್‌ಗಳನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಬೇಕು. ಇಲ್ಲದಿದ್ದರೆ ಹೊಟ್ಟೆ ಉಜ್ಜುತ್ತದೆ. ಆ ಹತ್ತು ಸೆಕೆಂಡಿಗೆ ಹಿಂದಿನವರು ಹಾರ್ನ್ ಮೇಲೆ ಕೈ ಇಟ್ಟರೆ ತೆಗೆಯುವುದಿಲ್ಲ. ಊರಿಗೆ ನಾನು ಆ ಕಾರು ಒಯ್ಯುವುದೇ ಇಲ್ಲ. ಅಪ್ಪ ಒಂದು ಸಲ ಬೆಂಗಳೂರಿಗೆ ಬಂದಾಗ ಸುತ್ತ ನೋಡಿ, ಬಾನೆಟ್ ಮೇಲೆ ಕೈ ಇಟ್ಟು, "ಊರಲ್ಲಿ ಹೇಳಬೇಡಪ್ಪ" ಅಂದರು. ಅಷ್ಟೇ.

ಯಲಹಂಕದ ತಂಗಿಗೆ: ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ನಾನೂ ಭಾನುವಾರ ಆ ರಸ್ತೆಯಲ್ಲಿ ಹೋಗಿದ್ದೇನೆ. ನನ್ನ ಕಾರಿಗೆ ಕಂಪನಿಯ ಸೈಲೆನ್ಸರೇ ಇದೆ. ಆದರೆ ಅದರಲ್ಲೂ ಜೋರು ಮಾಡುವ ಒಂದು ಬಟನ್ ಇದೆ. ಅದನ್ನು ಒತ್ತಿದ್ದೇನೆ. ಮನೆಯೊಳಗೆ ಮಗು ಮಲಗಿರುತ್ತದೆ ಅಂತ ತಲೆಗೆ ಬಂದಿರಲಿಲ್ಲ.

ಚಾಲಕ ಚಂದಾಪುರ

ಸರ್, ನೀವು ಒಳ್ಳೆಯವರಿರಬಹುದು. ಒಳ್ಳೆಯವರು ಸಿಗುವ ತನಕ ನಾವು ರಸ್ತೆಯಲ್ಲಿ ಜೀವಂತ ಇರಬೇಕಲ್ಲ.

ರಿಟೈರ್ಡ್ ಬಿಳಿ ಶರ್ಟು

ನಾನು ಟ್ರಾಫಿಕ್‌ನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಈ ಚರ್ಚೆ ಪೂರ್ತಿ ಓದಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸ್ಪೀಡಿಗೆ ಆಟೋ ನಿಲ್ಲಿಸಿದರೆ ಡ್ರೈವರ್ ಕೆಳಗಿಳಿದು ಬರುತ್ತಿದ್ದರು. ಬೈಕ್ ನಿಲ್ಲಿಸಿದರೆ ಹುಡುಗ ಇಳಿದು ಬರುತ್ತಿದ್ದ. ದೊಡ್ಡ ಕಾರು ನಿಲ್ಲಿಸಿದರೆ ಕಿಟಕಿ ಎರಡು ಬೆರಳಷ್ಟು ಇಳಿಯುತ್ತಿತ್ತು. ಒಳಗಿನಿಂದ ಒಂದು ಫೋನ್ ಹೊರಗೆ ಬರುತ್ತಿತ್ತು. "ಮಾತಾಡಿ" ಅನ್ನುತ್ತಿದ್ದರು. ಆ ಕಡೆ ಯಾರಿರುತ್ತಾರೆ ಅಂತ ನಿಮಗೇ ಗೊತ್ತು. ಎಲ್ಲರೂ ಹೀಗೆ ಮಾಡಿದ್ದಾರೆ ಅಂತ ನಾನು ಹೇಳುವುದಿಲ್ಲ. ಸದ್ದಿಲ್ಲದೆ ದಂಡ ಕಟ್ಟಿ, "ತಪ್ಪಾಯಿತು ಸರ್" ಅಂದು ಹೋದವರೂ ಬಹಳ ಜನ. ಆದರೆ ಸಿಗ್ನಲ್‌ನಲ್ಲಿ ನಿಂತ ಐವತ್ತು ಜನ ನೋಡಿ ನೆನಪಿಟ್ಟುಕೊಂಡದ್ದು ಆ ಫೋನನ್ನು.

2020ರ ಫೆಬ್ರವರಿಯಲ್ಲಿ ಕಬ್ಬನ್ ರಸ್ತೆಯಲ್ಲಿ ಒಂದು ಲ್ಯಾಂಬೋರ್ಗಿನಿ ನಮ್ಮವರ ಟ್ರಾಫಿಕ್ ಚೌಕಿಗೇ ಗುದ್ದಿತು. ದೇವರ ದಯೆ, ಒಳಗೆ ಯಾರೂ ಇರಲಿಲ್ಲ. ಓಡಿಸಿದವರು ಗುದ್ದಿದ ಕಾರಿನ ಪಕ್ಕ ನಿಂತ ಫೋಟೋ ಎಲ್ಲಾ ಕಡೆ ಓಡಾಡಿತು. ಅಂಥ ಚೌಕಿಯಲ್ಲಿ ಮಳೆಗೆ, ಬಿಸಿಲಿಗೆ ನಾನು ನಿಂತಿದ್ದೇನೆ. ಒಳಗೆ ಒಂದು ಸ್ಟೂಲ್, ಗೋಡೆಗೆ ನೀರಿನ ಬಾಟಲಿ ನೇತು ಹಾಕಿರುತ್ತೇವೆ. ಆ ಫೋಟೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪುಣೆಯದ್ದು ಎಲ್ಲರಿಗೂ ಗೊತ್ತು. 2024ರ ಮೇ 19. ಕಲ್ಯಾಣಿ ನಗರ. 17 ವರ್ಷದ ಹುಡುಗ, ಪೋರ್ಷೆ ಟೇಕಾನ್, ಬೈಕಿನಲ್ಲಿದ್ದ ಇಬ್ಬರು ಇಂಜಿನಿಯರುಗಳು ಸತ್ತರು. ಆ ಕಾರು ನಮ್ಮ ಬೆಂಗಳೂರಿನಿಂದ ತಾತ್ಕಾಲಿಕ ನೋಂದಣಿಯಲ್ಲಿ ಹೋದದ್ದು. ಪೂರ್ತಿ ನೋಂದಣಿಗೆ ಬಾಕಿ ಇದ್ದ ಶುಲ್ಕ ಎಷ್ಟು ಗೊತ್ತಾ? 1,758 ರೂಪಾಯಿ. ಜಾಮೀನಿಗೆ ಮೊದಲು ಹಾಕಿದ ಷರತ್ತುಗಳಲ್ಲಿ ಒಂದು, 300 ಪದದ ಪ್ರಬಂಧ ಬರೆಯುವುದು. ಜನ ರೊಚ್ಚಿಗೆದ್ದದ್ದು ಅಪಘಾತಕ್ಕಿಂತ ಜಾಸ್ತಿ ಆ ಪ್ರಬಂಧಕ್ಕೆ. ಆಮೇಲೆ ರಕ್ತದ ಸ್ಯಾಂಪಲ್ ಬದಲಾಯಿಸಿದ ಆರೋಪದಲ್ಲಿ ಡಾಕ್ಟರುಗಳೂ ಬಂಧನಕ್ಕೊಳಗಾದರು.

ಪಾಲಿಶ್ ಮಾಡುವ ಮಗನೇ, ನಿನ್ನ ಕಾರಿಗೆ ಗೀರಿದವರ ಮನಸ್ಸಿನಲ್ಲಿ ಇದೆಲ್ಲಾ ಇತ್ತು ಅಂತ ನನಗೆ ಅನಿಸುತ್ತದೆ. ಅವರು ಗೀರಿದ್ದು ತಪ್ಪಾದ ಬಾಗಿಲಿಗೆ.

ಸ್ಟುಟ್‌ಗಾರ್ಟ್ ಶಿವಮೊಗ್ಗ

ನಾನಿರುವ ಊರಿನಲ್ಲೇ ಪೋರ್ಷೆ ಕಾರ್ಖಾನೆ ಇದೆ. ಇಲ್ಲಿ ಆ ಕಾರು ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಸಿಟ್ಟು ಇಲ್ಲ ಅಂದುಕೊಳ್ಳಬೇಡಿ. ಊರೊಳಗೆ ಸುಮ್ನೆ ಸುತ್ತು ಹೊಡೆದು ಇಂಜಿನ್ ಗುಡುಗಿಸುವವರನ್ನು ಇಲ್ಲಿ ಪೋಸರ್ ಅನ್ನುತ್ತಾರೆ. ಮ್ಯಾನ್‌ಹೈಮ್ ಪೊಲೀಸರು ಅವರಿಗಾಗಿಯೇ ತಂಡ ಮಾಡಿದ್ದರು. ಸದ್ದು ಅಳೆದು, ಮಿತಿ ಮೀರಿದರೆ ಕಾರನ್ನೇ ಎತ್ತಿಕೊಂಡು ಹೋಗುತ್ತಿದ್ದರು. 2016ರಲ್ಲಿ ಬರ್ಲಿನ್ನಿನ ದೊಡ್ಡ ರಸ್ತೆಯಲ್ಲಿ ಇಬ್ಬರು ರೇಸ್ ಮಾಡಿ 69 ವರ್ಷದ ಒಬ್ಬರನ್ನು ಕೊಂದರು. ಅದಾದ ಮೇಲೆ 2017ರಲ್ಲಿ ರಸ್ತೆ ರೇಸನ್ನೇ ಅಪರಾಧ ಮಾಡಿದರು. ಗುದ್ದಿದ ಚಾಲಕನಿಗೆ ಕೊಲೆ ಅಪರಾಧಕ್ಕೆ ಕೊಟ್ಟ ಶಿಕ್ಷೆಯನ್ನು 2020ರಲ್ಲಿ ಅತಿ ದೊಡ್ಡ ಕೋರ್ಟು ಎತ್ತಿಹಿಡಿಯಿತು. ನಿರ್ಲಕ್ಷ್ಯ ಅಲ್ಲ, ಕೊಲೆ.

ಫಿನ್‌ಲ್ಯಾಂಡಿನಲ್ಲಿ ದಂಡ ಆದಾಯದ ಮೇಲೆ. 2023ರಲ್ಲಿ 50ರ ಮಿತಿಯಲ್ಲಿ 82ಕ್ಕೆ ಹೋದ ಒಬ್ಬ ಶ್ರೀಮಂತರಿಗೆ 1,21,000 ಯೂರೋ ಬಿತ್ತು. ನಮ್ಮಲ್ಲಿ ಸಾವಿರ, ಎರಡು ಸಾವಿರ. ಕೋಟಿ ಗಾಡಿಯವರಿಗೆ ಅದು ಪಾರ್ಕಿಂಗ್ ಚಾರ್ಜ್ ಇದ್ದ ಹಾಗೆ. ಆಟೋದವರಿಗೆ ಎರಡು ದಿನದ ಊಟ.

ಅಧ್ಯಯನಗಳೂ ಇವೆ. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆಸಿದ್ದರಲ್ಲಿ, ದುಬಾರಿ ಕಾರಿನವರು ಕೂಡುರಸ್ತೆಯಲ್ಲಿ ಬೇರೆಯವರ ಸರದಿ ಮುರಿದು ನುಗ್ಗಿದ್ದು ಹೆಚ್ಚು. ಇನ್ನೊಂದು 1968ರದ್ದು. ಹಸಿರು ಸಿಗ್ನಲ್ ಬಿದ್ದರೂ ಬೇಕಂತಲೇ ಕಾರು ನಿಲ್ಲಿಸಿಕೊಂಡು ನೋಡಿದರು. ಹಳೇ ಕಾರಿಗೆ ಜನ ಬೇಗ ಹಾರ್ನ್ ಹೊಡೆದರು, ದುಬಾರಿ ಕಾರಿಗೆ ಹೊಡೆಯಲು ಹಿಂದೇಟು ಹಾಕಿದರು. ನಾವು ಹೆದರಿ ಬಿಟ್ಟುಕೊಡುತ್ತೇವೆ, ಅವರು ರೂಢಿ ಮಾಡಿಕೊಳ್ಳುತ್ತಾರೆ, ಆಮೇಲೆ ನಾವೇ ಒಳಗೊಳಗೆ ಕುದಿಯುತ್ತೇವೆ. ನನಗೆ ಹೀಗೆ ಅನಿಸುತ್ತದೆ. ಪೀಣ್ಯದ ಅಣ್ಣನ ಅನುಭವ ಬೇರೆ, ಅವರಿಗೆ ಹಂಪ್‌ನಲ್ಲಿ ಎಲ್ಲರೂ ಹಾರ್ನ್ ಹೊಡೆಯುತ್ತಾರಂತೆ. ಬೆಂಗಳೂರಿನ ಹಾರ್ನ್ ಯಾರನ್ನೂ ಬಿಡುವುದಿಲ್ಲ.

ಚಾಲಕ ಚಂದಾಪುರ

ನಾನು ಮೇಲೆ ಒಂದೇ ಸಾಲು ಬರೆದೆ. ಯಾಕೆ ಅಂತ ಹೇಳುತ್ತೇನೆ. ನಮ್ಮ ಚಿಕ್ಕಪ್ಪನ ಮಗ ಫುಡ್ ಡೆಲಿವರಿ ಮಾಡುತ್ತಿದ್ದ. ಒಂದು ದೊಡ್ಡ ಕಾರು ಹಿಂದಿನಿಂದ ತಾಗಿಸಿತು. ಕಾಲಿಗೆ ರಾಡ್ ಹಾಕಿದ್ದಾರೆ. ಕೇಸು ಇನ್ನೂ ನಡೆಯುತ್ತಿದೆ. ಆ ಕಡೆಯ ವಕೀಲರು ಪ್ರತಿ ಸಲ ಹೊಸ ದಿನಾಂಕ ತಗೊಳ್ಳುತ್ತಾರೆ. ಇವನು ಪ್ರತಿ ಸಲ ರಜೆ ಹಾಕಿ, ಕುಂಟುತ್ತಾ ಕೋರ್ಟಿಗೆ ಹೋಗುತ್ತಾನೆ. ಅವನಿಗೆ ಈಗ ಆ ಥರದ ಇಂಜಿನ್ ಸದ್ದು ಕೇಳಿದರೆ ಕೈ ನಡುಗುತ್ತದೆ. ನಾನು ಕಾರಿಗೆ ಗೀರುವವನಲ್ಲ. ಆದರೆ ಗೀರಿದವರನ್ನು ಬೈಯುವಾಗ ನನಗೆ ಬಾಯಿ ಬರುವುದಿಲ್ಲ.

ಪಾಲಿಶ್ ಹುಡುಗ, ಹಾಸನ

ಎಲ್ಲರ ಮಾತೂ ಓದಿದೆ. ಚಂದಾಪುರದ ಅಣ್ಣಾ, ನಿಮ್ಮ ತಮ್ಮನ ವಿಷಯ ಓದಿ ಸುಮಾರು ಹೊತ್ತು ಏನೂ ಬರೆಯಲಾಗಲಿಲ್ಲ.

ನಾನು ಕೇಳಿದ್ದಕ್ಕೆ ಉತ್ತರ ಸ್ವಲ್ಪ ಸಿಕ್ಕಿತು. ನಾನು ಹೊಟ್ಟೆಕಿಚ್ಚು ಅಂದುಕೊಂಡಿದ್ದೆ. ಅದಲ್ಲ. ಇಲ್ಲಿ ಯಾರೂ "ಅವರಿಗೆ ಕಾರಿದೆ, ನನಗಿಲ್ಲ" ಅಂತ ಬರೆದಿಲ್ಲ. ಎಲ್ಲರೂ ಬರೆದದ್ದು ನಿದ್ದೆ, ತೆರಿಗೆ, ಫೋನು, ಕೋರ್ಟಿನ ದಿನಾಂಕ. ನಮಗೊಂದು ಕಾನೂನು, ಅವರಿಗೊಂದು ಅನ್ನುವುದು ನೋವು. ಅದಕ್ಕೇ ನನ್ನ ಶರ್ಟ್ ನೋಡಿದ ತಕ್ಷಣ ಆ ಬೈಕಿನವರ ಸಿಟ್ಟು ಇಳಿಯಿತು. ಇವನಿಗೂ ನಮ್ಮದೇ ಕಾನೂನು ಅಂತ ಗೊತ್ತಾಯಿತು.

ಆದರೂ ಒಂದು ಮಾತು ಹೇಳಬೇಕು. ಏಳು ವರ್ಷದಲ್ಲಿ ನಾನು ಗೀರು ಬಿದ್ದ ಹನ್ನೆರಡು ಕಾರು ರಿಪೇರಿ ಮಾಡಿದ್ದೇನೆ. ಆ ಹನ್ನೆರಡರಲ್ಲಿ ಒಬ್ಬ ಓನರ್ ಕೂಡ ಅದರಿಂದ ನಿಧಾನವಾಗಿ ಓಡಿಸಲು ಕಲಿಯಲಿಲ್ಲ. ಇನ್ಶೂರೆನ್ಸ್ ಕ್ಲೇಮ್ ಮಾಡಿದರು, ಅಷ್ಟೇ. ರಾತ್ರಿ ಎರಡು ಗಂಟೆ ತನಕ ಉಜ್ಜಿದ್ದು ನಾವು. ವಾಚ್‌ಮನ್‌ಗಳ ಕೆಲಸ ಹೋಗಿದ್ದು ನೋಡಿದ್ದೇನೆ. ನಂಬರ್ ಬರೆದುಕೊಳ್ಳಿ, ಪೊಲೀಸರಿಗೆ ಫೋಟೋ ಕಳಿಸಿ. ಬಾಗಿಲು ಬಿಡಿ.

ರಿಟೈರ್ಡ್ ಬಿಳಿ ಶರ್ಟು

ಹೌದಪ್ಪ. ಈಗ ಮೊದಲಿನ ಹಾಗಿಲ್ಲ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಕಿ.ಮೀ. ವೇಗ ಮೀರಿದರೆ ಎಫ್‌ಐಆರ್ ಹಾಕುತ್ತೇವೆ ಅಂತ ಇಲಾಖೆಯವರು ಹೇಳಿದರು. ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಇವೆ. ಕ್ಯಾಮೆರಾಕ್ಕೆ ಯಾರೂ ಫೋನ್ ಕೊಡಲು ಆಗುವುದಿಲ್ಲ. ನನ್ನ ಸರ್ವಿಸ್‌ನಲ್ಲಿ ಇದೊಂದು ಮುಂಚೆಯೇ ಬಂದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಪೀಣ್ಯದ ಲೇತ್

ನಮ್ಮ ಭಾನುವಾರದ ಗ್ರೂಪಿನಲ್ಲಿ 26 ಗಾಡಿಗಳಿವೆ. ಈ ಚರ್ಚೆ ಪೂರ್ತಿ ಅಲ್ಲಿ ಹಾಕಿದೆ. ಹೆಬ್ಬಾಳದಿಂದ ದೇವನಹಳ್ಳಿ ದಾಟುವ ತನಕ ಆ ಬಟನ್ ಮುಟ್ಟುವುದು ಬೇಡ ಅಂತ ಕೇಳಿಕೊಂಡೆ. ಹದಿನೇಳು ಜನ ಸರಿ ಅಂದರು. ನಾಲ್ವರು ಜಗಳಕ್ಕೆ ಬಂದರು. ಉಳಿದವರು ಇನ್ನೂ ಮಾತಾಡಿಲ್ಲ. ಪಾಲಿಶ್ ತಮ್ಮಾ, ನಿನ್ನ ಅಂಗಡಿಯವರು ಇನ್ಶೂರೆನ್ಸ್ ಕೇಳದೆ ನಿನ್ನ ಸಂಬಳ ಹಿಡಿದಿದ್ದರೆ ಅದು ಸರಿಯಲ್ಲ. ಆ ಪೋರ್ಷೆ ಓನರಿಗೆ ಸಂಬಳದ ವಿಷಯ ಗೊತ್ತಾ? ಒಂದು ಸಲ ನೇರವಾಗಿ ಹೇಳು. ನಾನು ಆ ಜಾಗದಲ್ಲಿದ್ದರೆ ತಿಳಿದುಕೊಳ್ಳಲು ಬಯಸುತ್ತಿದ್ದೆ.

ಪಾಲಿಶ್ ಹುಡುಗ, ಹಾಸನ

ಗೊತ್ತಿಲ್ಲ ಅಣ್ಣ. ಬಾಗಿಲು ರೆಡಿಯಾಗಿದೆ, ಬಣ್ಣ ಹೊಂದಿದೆ. ಭಾನುವಾರ ಬೆಳಿಗ್ಗೆ ತಲುಪಿಸಬೇಕು. ಆವಾಗ ಹೇಳುತ್ತೇನೆ. ಈ ಸಲ ದಾರಿಯಲ್ಲಿ ಎಲ್ಲೂ ನಿಲ್ಲಿಸುವುದಿಲ್ಲ.

ಯಲಹಂಕದಿಂದ ಒಬ್ಬ ತಾಯಿ

ಹಸಿದುಕೊಂಡು ಯಾಕೆ ಹೋಗುತ್ತೀಯ ತಮ್ಮಾ? ನಮ್ಮ ಮನೆ ದಾರಿಯಲ್ಲೇ ಇದೆ. ಗೇಟಿನ ಒಳಗೆ ಒಂದು ಕಾರು ನಿಲ್ಲುವ ಜಾಗವಿದೆ. ನಮ್ಮವರು ಗೇಟು ತೆಗೆದಿಡುತ್ತಾರೆ. ಉಪ್ಪಿಟ್ಟು ಮಾಡಿರುತ್ತೇನೆ.

ಪಾಲಿಶ್ ಹುಡುಗ, ಹಾಸನ

ಖಂಡಿತ ಬರುತ್ತೇನೆ ಅಕ್ಕ. ಎಂಟು ಗಂಟೆ ಮೇಲೆ ಬರುತ್ತೇನೆ. ಪಾಪು ಎದ್ದಿರಲಿ.